ಅನುಶ್ರೀಗೆ ಬಾಳೆಲೆಯೇ ಏಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಿರಸಿ ಪೇಟೆಯ ಅಂಚಿನ ತಮ್ಮ ಹಿತ್ತಿಲಲ್ಲಿ ಮುಮ್ತಾಜ್ ಬಾಳೆ ಎಲೆಗಳನ್ನು ಎತ್ತಿ ಎತ್ತಿ ನೋಡುತ್ತಿದ್ದಾರೆ. ಗಾಳಿಗೆ ಸೀಳಿದ್ದು ಬೇಡ, ಅಂಚು ಹಳದಿಯಾದದ್ದೂ ಬೇಡ. ಕೊನೆಗೆ ಒಂದನ್ನು ಕೊಯ್ದು, ಇಬ್ಬನಿ ಒರೆಸಿ, ಸುರುಳಿ ಸುತ್ತಿ ಚೀಲಕ್ಕೆ ಹಾಕುತ್ತಾರೆ. ಟೆಂಪೊ ತೊಳೆಯುತ್ತಿರುವ ಗಂಡ ದಾದಾಸಾಬ ಕೆಣಕುತ್ತಾರೆ:

"ನಿನ್ನೆ ಬೈಸ್ಕೊಂಡಿದ್ದು ಸಾಕಾಗ್ಲಿಲ್ಲೇನು?"

"ಅರ್ಧ ಬೈದು ಹೋಗಿದಾರೆ. ಉಳಿದಿದ್ದು ಇವತ್ತು."

ಮುಮ್ತಾಜ್ ಮತ್ತಿಘಟ್ಟದ ದಾರಿಯ ಶಾಲೆಯೊಂದರಲ್ಲಿ ಬಿಸಿಯೂಟದ ಅಡುಗೆಯವರು. ಎಲೆ ಮೂರನೇ ತರಗತಿಯ ಅನುಶ್ರೀಗೆ, ಹವ್ಯಕ ಬ್ರಾಹ್ಮಣರ ಮನೆಯ ಹುಡುಗಿಗೆ. ಈ ಹುಡುಗಿಯ ಕಣ್ಣಿಗೆ ಏನೂ ಆಗಿಲ್ಲ. ಕಣ್ಣು ಕಂಡದ್ದನ್ನು ಮಿದುಳು ಬಿಡಿಸಿಕೊಳ್ಳುವುದಿಲ್ಲ. ಹೊಳೆಯುವ ಸ್ಟೀಲ್ ತಟ್ಟೆಯಲ್ಲಿ ಅನ್ನ ಎಲ್ಲಿದೆಯೆಂದು ತಿಳಿಯದೆ ಕೈ ತಡಕಾಡುತ್ತದೆ. ಹಸಿರು ಎಲೆಯ ಮೇಲೆ ಬಿಳಿ ಅನ್ನ ಒಂದೇ ಇದ್ದರೆ ಅವಳಿಗೆ ಕಾಣುತ್ತದೆ, ತಾನೇ ಉಣ್ಣುತ್ತಾಳೆ. ಇದನ್ನು ಹೇಳಿಕೊಟ್ಟವರು ಮನೆಗೂ ಶಾಲೆಗೂ ಬಂದುಹೋಗುವ ವಿಶೇಷ ಶಿಕ್ಷಕಿ ಕಾವ್ಯಶ್ರೀ. ಅದಕ್ಕೂ ಮುಂಚೆ "ಬರೀ ಹಟ" ಎಂದು ಮುಮ್ತಾಜ್ ಅವರೂ ಗದರಿದ್ದುಂಟು.

ನಿನ್ನೆ ಊಟದ ಹೊತ್ತಿಗೆ ತಪಾಸಣೆಗೆ ಒಬ್ಬರು ಬಂದರು. ಎಲ್ಲರಿಗೂ ತಟ್ಟೆ, ಒಬ್ಬಳಿಗೆ ಎಲೆ.

"ನೀನು ತೊಳೆದ ತಟ್ಟೆ ಇವಳ ಮನೆಯವ್ರಿಗೆ ಮೈಲಿಗೆಯೇನು?"

"ತಟ್ಟೆ ಆಗ್ದವ್ರಿಗೆ ನಾ ಬೇಯ್ಸಿದ ಅನ್ನ ಹೆಂಗೆ ಆಗ್ತದೆ, ಸಾಹೇಬ್ರೆ?"

ಮಕ್ಕಳು ನಕ್ಕರು. ಬಂದವರು ನಗಲಿಲ್ಲ. ಮುಮ್ತಾಜ್ ಕಾರಣ ಬಿಡಿಸಿ ಹೇಳಿದರೆ, ಕಣ್ಣು ಸರಿಯಿದೆ ಎಂದಮೇಲೆ ಕಾಣದಿರುವುದೆಂತು ಎಂದು ಗದರಿ, ಶಾಲೆಯಲ್ಲಿ ಎಲ್ಲರೂ ಸಮಾನ ಎಂದು ಹೇಳಿ, ಅನ್ನವಿದ್ದ ಎಲೆಯನ್ನೇ ಎತ್ತಿಸಿ ತಟ್ಟೆ ಇಡಿಸಿದರು. ಅನುಶ್ರೀ ಸ್ವಲ್ಪ ತಡಕಾಡಿ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಉಣ್ಣಲಿಲ್ಲ.

ಪತ್ರಿಕೆಗೆ ಬರೆಯುವ ಮುದುಕ ನಾನು; ಊಟದಲ್ಲಿ ಭೇದ ಮಾಡಿದ್ದನ್ನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಕೆಲವರನ್ನು ಅಂಗಳದಲ್ಲಿ ಕೂರಿಸಿ, ತಾಗದಂತೆ ಮೇಲಿಂದ ಸುರಿಯುತ್ತಿದ್ದರು. ಆಗ ಕೇಳಲಿಕ್ಕೆ ಯಾವ ಸಾಹೇಬರೂ ಬರಲಿಲ್ಲ. ಈಗ ಬಂದಿದ್ದಾರೆ, ಒಂದು ಮಗುವಿನ ಮುಂದಿನ ಅನ್ನ ಎತ್ತಲಿಕ್ಕೆ! ಎಲ್ಲರೂ ಸಮಾನವೆಂದ ಆ ಪಂಕ್ತಿಯಲ್ಲಿ ಹಸಿದು ಎದ್ದವಳು ಅವಳೊಬ್ಬಳೇ.

ಅನುಶ್ರೀಯ ಅಮ್ಮನ ಸಿಟ್ಟೂ ಇಳಿದಿಲ್ಲ. "ಆನು ಎಲೆ ಕೇಳಿದ್ನಿಲ್ಲೆ. ಕೂಸು ತಾನೇ ಉಣ್ತು ಹೇಳಿ ಅವ್ರೇ ತರ್ತ. ಅದ್ರಲ್ಲಿ ನಂಗ್ಳ ಜಾತಿ ಎಂತಕ್ಕೆ ಎಳಿಯವು?"

ಟೆಂಪೊ ಹೊರಡುತ್ತದೆ; ನಾನೂ ಹತ್ತಿ ಕೂತು, ಇದನ್ನು ಪತ್ರಿಕೆಗೆ ಬರೆಯುತ್ತೇನೆ ಎನ್ನುತ್ತೇನೆ. ಮುಮ್ತಾಜ್ ಎಲೆ ಮುರಿಯದಂತೆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ.

"ನಂಗೆ ಶಾಲು ಬ್ಯಾಡ, ಪೇಪರಲ್ಲಿ ಫೋಟೋನೂ ಬ್ಯಾಡ, ಅಜ್ಜಾ. ಇವತ್ತೂ ಎಲೆ ಹಾಕ್ತೀನಿ. ಅವ್ರು ಬರ್ಲಿ. ಅವಳು ಮೊದ್ಲನೇ ತುತ್ತು ತಾನೇ ಎತ್ತೋ ತನ್ಕ ನಿಂತು ನೋಡ್ಲಿ. ಆಮೇಲೂ ಕೈ ಬಂದ್ರೆ, ತೆಗೀಲಿ."