ಬಾಗಿಲ ಮುಂದಿನ ಒಂದು ಗೇಣು

ಠಕ್.

ಗಾಲಿಕುರ್ಚಿಯ ಮುಂದಿನ ಚಕ್ರ ಮೆಟ್ಟಿಲಿಗೆ ಬಡಿದ ಸದ್ದು ಅದು. ಈಗಲೂ ಯಾರಾದರೂ ಪಾತ್ರೆಯನ್ನು ಕಟ್ಟೆಯ ಮೇಲೆ ಕುಕ್ಕಿದರೆ ನನಗೆ ಆ ಭಾನುವಾರಗಳು ನೆನಪಾಗುತ್ತವೆ.

ಕೋವಿಡ್ ಭಯ ಇಳಿದು, ನಾವು ಕನ್ನಡದವರು ಮತ್ತೆ ಭಜನೆಗೆ ಸೇರತೊಡಗಿದ್ದ ಕಾಲ. ನಾನಿದ್ದದ್ದು ಅಮೆರಿಕದ ಆಲ್ಡಿ ಎಂಬ ಊರಿನಲ್ಲಿ, ಮಗಳ ಮನೆಯಲ್ಲಿ. ಸೇರುತ್ತಿದ್ದದ್ದು ಅಲ್ಲಿಂದ ಅರ್ಧ ಗಂಟೆ ಡ್ರೈವ್ ದೂರದ ಒಂದು ಟೌನಿನ ಸರ್ಕಾರಿ ಹಾಲ್‌ನಲ್ಲಿ. ಟೌನಿನ ಹೆಸರು ಬೇಡ. ವೆರಿ ಪೊಲೈಟ್ ಪೀಪಲ್. ಹಾಲ್‌ಗೆ ರ‍್ಯಾಂಪ್ ಇತ್ತು, ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ, ಗಾಲಿಕುರ್ಚಿ ಚಿತ್ರದ ನೀಲಿ ಬೋರ್ಡು, ಎಲ್ಲವೂ ಇತ್ತು. ಆದರೆ ಆ ರ‍್ಯಾಂಪ್ ಬಾಗಿಲ ಮುಂದಿನ ಒಂದು ಗೇಣೆತ್ತರದ ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟಿತ್ತು, ಮದುವೆಮನೆ ತನಕ ಬಂದು, ಒಳಗೆ ಕರೆಯಲಿಲ್ಲವೆಂದು ಮುನಿಸಿಕೊಂಡ ನೆಂಟನ ಹಾಗೆ.

ಕುರ್ಚಿಯಲ್ಲಿದ್ದವಳು ನನ್ನ ಗೆಳತಿ. ಮೈಸೂರಿನ ಕಾನ್ವೆಂಟಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಡಾಕ್ಟರಾಗಿ ಇಲ್ಲಿಗೆ ಬಂದು ಇಲ್ಲೇ ನೆಲೆಸಿದವಳು. ಬೆನ್ನಿನ ಆಪರೇಷನ್ ಆಗಿ ಕಾಲಿನ ಸ್ವಾಧೀನ ಹೋದ ಮೇಲೂ, ಕೈಯಲ್ಲೇ ಬ್ರೇಕು ಹಾಕುವ ಕಾರು ಓಡಿಸಿಕೊಂಡು ಒಬ್ಬಳೇ ಬರುತ್ತಿದ್ದಳು. ಅವಳ ಆಸೆ ದೊಡ್ಡದೇನಲ್ಲ: ಹಾಲಿನೊಳಕ್ಕೂ ಹಾಗೆಯೇ ಬರಬೇಕು.

ನಮ್ಮ ಐಟಿ ಹುಡುಗರು ಬಿಡಬೇಕಲ್ಲ! ಠಕ್ ಎಂದ ಕೂಡಲೇ ನಾಲ್ವರು ಓಡಿಬರುತ್ತಿದ್ದರು. "ನೋ ಪ್ರಾಬ್ಲಮ್ ಆಂಟಿ, ನಾವಿದ್ದೀವಲ್ಲ!"

"ನಾಲ್ಕು ಜನ ಎತ್ತೋದು ಜೀವಮಾನಕ್ಕೆ ಒಂದೇ ಸಲ ಕಣ್ರೋ. ಈಗಿಂದಲೇ ಪ್ರಾಕ್ಟೀಸಾ?" ಎಂದಳು ಒಮ್ಮೆ.

"ಬಿಡ್ತು ಅನ್ನಿ ಆಂಟಿ!" ಎನ್ನುತ್ತಲೇ ಎತ್ತಿದರು.

ಅವಳು ಟೌನ್ ಆಫೀಸಿಗೆ ದೂರು ಕೊಟ್ಟಳು. ಮತ್ತೆ ಮತ್ತೆ ಕೊಟ್ಟಳು. ಕಡೆಗೆ ಟೌನಿನ ಕಟ್ಟಡ ತಪಾಸಣೆಯ ಇನ್‌ಸ್ಪೆಕ್ಟರ್, ಹಾಲ್ ಬಳಕೆಯಲ್ಲಿರುವಾಗಲೇ ನೋಡುತ್ತೇನೆಂದು, ನಮ್ಮ ಯುಗಾದಿ ಕಾರ್ಯಕ್ರಮದ ದಿನವೇ ಬಂದ. ಅವನಿಗೆ ಬೇವುಬೆಲ್ಲ ಕೊಟ್ಟೆವು. ಬೇವಿಗೂ ನಕ್ಕ, ಒಳ್ಳೆಯ ಮನುಷ್ಯ. ಗೆಳತಿ ಮೆಟ್ಟಿಲ ಬುಡದಲ್ಲಿ ಕುರ್ಚಿ ನಿಲ್ಲಿಸಿ, ಮಡಿಲಲ್ಲಿ ಕೈಯಿಟ್ಟುಕೊಂಡು, "ಇವತ್ತು ಯಾರೂ ಮುಟ್ಟಬೇಡಿ. ಅವನು ನೋಡಲಿ" ಎಂದಳು.

ಆದರೆ ಮನೆಗೆ ಬಂದ ಅತಿಥಿಯ ಎದುರು ಹಿರಿಯರು ಹೊರಗೆ ಕೂರುವುದೆಂದರೇನು? ಹುಡುಗರಿಗೆ ತಡೆಯಲಾಗಲಿಲ್ಲ. ಎಂದಿಗಿಂತ ನಾಜೂಕಾಗಿ, ಸೀರೆಯ ನೆರಿಗೆಯೂ ಅಲುಗದಂತೆ ಎತ್ತಿ ಒಳಗಿಟ್ಟರು. ಇನ್‌ಸ್ಪೆಕ್ಟರ್ ಚಪ್ಪಾಳೆ ತಟ್ಟಿದ. ಇಂಥ ಬ್ಯೂಟಿಫುಲ್ ಕಮ್ಯುನಿಟಿಯನ್ನು ತಾನು ಕಂಡೇ ಇಲ್ಲ, ಇಲ್ಲಿ ಯಾರೂ ಹೊರಗುಳಿಯುವುದಿಲ್ಲ, ಅಂದ ಮೇಲೆ ತೊಂದರೆಯೆಲ್ಲಿ ಎಂದ. ಅವಳು ಬಾಯಿ ತೆರೆಯುವಷ್ಟರಲ್ಲಿ ಯಾರೋ ಅವನ ಕೈಗೆ ಒಬ್ಬಟ್ಟಿನ ಪೊಟ್ಟಣ ಕೊಟ್ಟು ಕಾರಿನ ತನಕ ಬಿಟ್ಟುಬಂದರು.

ಟೌನಿನವರು ಸುಮ್ಮನೆ ಕೂರಲಿಲ್ಲ, ಪಾಪ. ರ‍್ಯಾಂಪಿನ ಪಕ್ಕ ಇನ್ನೊಂದು ಬೋರ್ಡು ನೆಟ್ಟರು: ಸಹಾಯ ಬೇಕಿದ್ದರೆ ದಯವಿಟ್ಟು ಕೇಳಿ.

ಆಮೇಲೆ ಅವಳು ಬರಲೇ ಇಲ್ಲ. ನವರಾತ್ರಿಯಲ್ಲಿ ಒಂದು ದಿನ, ಗಾಳಿಗೆಂದು ನಾನು ಹೊರಗೆ ಬಂದಾಗ, ಗಾಲಿಕುರ್ಚಿಯವರಿಗೆಂದೇ ಬಿಟ್ಟ ನೀಲಿ ಗೆರೆಯ ಪಾರ್ಕಿಂಗಿನಲ್ಲಿ ಅವಳ ಕಾರು. ಗಾಜು ಇಳಿಸಿಕೊಂಡು ಭಜನೆ ಕೇಳುತ್ತಿದ್ದಳು.

"ಒಳಗೆ ಬಾರೇ, ಹುಡುಗರನ್ನ ಕರೀತೀನಿ."

"ಬೋರ್ಡ್ ಓದಿದ್ಯಾ? ನಾನು ಕೇಳಬೇಕಂತೆ. ಕಾನ್ವೆಂಟಿನ ಸಿಸ್ಟರ್‌ಗಳ ಹತ್ತಿರ ಪ್ಲೀಸ್ ಪ್ಲೀಸ್ ಅಂದು ನನ್ನ ಕೋಟಾ ಆಗ್ಲೇ ಮುಗೀತು ಕಣೇ."

ನಾನು ಕೋಸಂಬರಿ ತಂದು ಕಿಟಕಿಯಲ್ಲಿ ಕೊಟ್ಟೆ. ತಿಂದು, "ಉಪ್ಪು ಕಮ್ಮಿ" ಎಂದಳು. ಆಮೇಲೆ ಗಾಜು ಏರಿಸಿ, ಕಾರನ್ನು ಒಂದೇ ಸಲಕ್ಕೆ ಸಲೀಸಾಗಿ ಹಿಂದಕ್ಕೆ ತೆಗೆದು, ಸಿಗ್ನಲ್ ಹಾಕಿ, ಸಂಜೆಯ ಆ ದಟ್ಟ ಟ್ರಾಫಿಕ್ಕಿನೊಳಗೆ ಒಬ್ಬಳೇ ಸೇರಿಕೊಂಡಳು. ನಾನು ಅವಳನ್ನು ಕಂಡದ್ದು ಅದೇ ಕೊನೆ.