ದಿಂಬಣ್ಣನ ಎಡಗೈ

ಬೆಳಗಿನ ಐದೂಮುಕ್ಕಾಲು. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಮೂರು ಬಕೆಟ್ ನೀರು ಖಾಲಿ ಮಾಡಿ, ನಲವತ್ತೆರಡು ಮ್ಯಾಟುಗಳನ್ನು ಒರೆಸಿ ಮುಗಿಸಿದ ಐವತ್ತೊಂದರ ಮನುಷ್ಯ ಒದ್ದೆ ಬಟ್ಟೆಯನ್ನು ಕಿಟಕಿಯ ಸರಳಿಗೆ ಹರವುತ್ತಾರೆ. ಸೊಂಟಕ್ಕೆ ಕೈಯಿಟ್ಟು ಒಮ್ಮೆ ನೆಟ್ಟಗಾಗುತ್ತಾರೆ. ಆಮೇಲೆ ಬಂದು ತಾವೇ ಒರೆಸಿದ ಮ್ಯಾಟಿನ ಮೇಲೆ ಮಂಡಿಯೂರಿ ಕೂರುತ್ತಾರೆ. ಎದುರಿಗೆ ಅಂಗಾತ ಮಲಗಿರುವವಳು ಪಕ್ಕದ ಬೀದಿಯ ಲಾಂಡ್ರಿಯಲ್ಲಿ ಚಾದರ ಇಸ್ತ್ರಿ ಮಾಡುವ ಹೆಣ್ಣುಮಗಳು. ಏಳೂವರೆಗೆ ಅವಳು ಕೆಲಸಕ್ಕೆ ಹಾಜರಿರಬೇಕು.

ಅವಳು ಒಂದು ಕಾಲನ್ನು ಅವರ ಹೊಟ್ಟೆಗೆ ಅಡ್ಡ ಇಟ್ಟು, ಇನ್ನೊಂದನ್ನು ಅವರ ಎಡಮಂಡಿಯ ಪಕ್ಕ ನೆಲಕ್ಕೆ ಚಾಚಿ, ಕೊರಳಪಟ್ಟಿ ಹಿಡಿದು ಎಳೆದು, ಎರಡೂ ಕಾಲನ್ನು ಕತ್ತರಿಯಂತೆ ಆಡಿಸುತ್ತಾಳೆ. ಅವರು ವಾಲುತ್ತಾರೆ, ಆದರೆ ಬೀಳುವುದಿಲ್ಲ. ಎಡಗೈ ನೆಲಕ್ಕೆ ಊರಿಕೊಳ್ಳುತ್ತದೆ, ಮುಖ ಕಿವುಚಿಕೊಳ್ಳುತ್ತದೆ.

"ಆಗ್ಲಿಲ್ಲ ತಾಯಿ. ಇನ್ನೊಂದ್ಸಲ," ಅನ್ನುತ್ತಾರೆ.

ಇಲ್ಲಿ ಕಲಿಸುವುದು ಬ್ರೆಜಿಲಿಯನ್ ಜಿಯು-ಜಿಟ್ಸು. ಗುದ್ದಾಟವಿಲ್ಲ, ಎಲ್ಲಾ ನೆಲದ ಮೇಲಿನ ಹಿಡಿತದ ಕುಸ್ತಿ. ಕೆಳಗೆ ಬಿದ್ದವರು ಮೇಲೆ ಕೂತವರನ್ನು ಮಗುಚಿ ತಾವು ಮೇಲಾಗುವ ವರಸೆಗೆ 'ಸ್ವೀಪ್' ಅನ್ನುತ್ತಾರೆ. ಅದನ್ನು ಕಲಿಯಬೇಕಾದರೆ ಯಾರಾದರೊಬ್ಬರು ಮೇಲೆ ಕೂತು ಮಗುಚಿಸಿಕೊಳ್ಳಬೇಕಲ್ಲ, ಆ ಯಾರಾದರೊಬ್ಬರು ಇವರೇ. ಎಲ್ಲರ ಬಾಯಲ್ಲೂ ದಿಂಬಣ್ಣ.

ಉಗ್ರಾಣದಲ್ಲಿ ಮೂಟೆ ಹೊರುತ್ತಿದ್ದವರು ಅದು ಮುಚ್ಚಿದಾಗ ನೆಲ ಒರೆಸಲು ಇಲ್ಲಿಗೆ ಬಂದರು. ಒಂದು ದಿನ ಅಭ್ಯಾಸಕ್ಕೆ ಜೋಡಿ ಸಾಲದೆ ಕೋಚ್ ಕೈಬೀಸಿ ಕರೆದರು. "ಅಣ್ಣ, ಸ್ವಲ್ಪ ಬಂದು ಕೂತ್ಕೊಳ್ಳಿ ಅಂದ್ರು," ಎಂದು ನೆನೆಯುತ್ತಾರೆ. "ಸ್ವಲ್ಪ ಅಂದಿದ್ದು ಹತ್ತೊಂಬತ್ತು ವರ್ಷ ಆಯ್ತು."

ಬೆಳಿಗ್ಗೆ ಎರಡು ತರಗತಿ, ಸಂಜೆ ಎರಡು. ದಿನಕ್ಕೆ ಏನಿಲ್ಲವೆಂದರೂ ತೊಂಬತ್ತು ಸಲ ಬೀಳುತ್ತಾರೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಮಾತು ಇವರಿಗೆ ಒಗ್ಗುವುದಿಲ್ಲ. ಇವರ ಮೀಸೆಗೆ ಸದಾ ಫಿನಾಯಿಲ್ ವಾಸನೆ. ಮನೆಗೆ ಹೋಗಿ ಕುರ್ಚಿಗೆ ಒರಗಿದರೆ ಹೆಂಡತಿ ಬಿಡುವುದಿಲ್ಲ: "ರೀ, ಅಲ್ಲಿ ಕಂಡೋರಿಗೆಲ್ಲ ಮೈ ಕೊಡ್ತೀರ. ಮನೇಲಿ ಒಂದು ಕೊಡ ನೀರು ಎತ್ತಿಡೋಕೆ ಬೆನ್ನುನೋವು." ಎರಡೂ ನಿಜವೇ ಆದ್ದರಿಂದ ಅವರು ಎದ್ದು ಹೋಗಿ ಕೊಡ ಎತ್ತಿಡುತ್ತಾರೆ.

ಗೋಡೆಯ ತುಂಬ ಪದಕ ಗೆದ್ದವರ ಫೋಟೋ. "ನಾನೂ ಒಂದರಲ್ಲಿದೀನಿ," ಎಂದು ಮೂಲೆಯ ಚಿತ್ರವನ್ನು ತೋರಿಸುತ್ತಾರೆ. ಹುಡುಕಿದರೆ ಬಕೆಟ್ಟಿನ ಹಿಡಿ ಹಿಡಿದ ಒಂದು ಮೊಣಕೈ ಸಿಗುತ್ತದೆ.

ಅವರ ಆಯಾಸಕ್ಕೆ ಕಾರಣ ಬೀಳುವುದಲ್ಲ, ಹೋದ ವರ್ಷದ ಒಂದು ಪಂದ್ಯ. ಲಾಂಡ್ರಿಯ ಹೆಣ್ಣುಮಗಳು ಮೊದಲ ಸಲ ಕಣಕ್ಕಿಳಿದಿದ್ದಳು. ದಿಂಬಣ್ಣನನ್ನು ನೂರಾರು ಸಲ ಮಗುಚಿದ ಸ್ವೀಪನ್ನೇ ಹಾಕಿದಳು. ಎದುರಾಳಿ ವಾಲಿದಳು, ಕೈ ಊರಿದಳು, ಮತ್ತೆ ನೆಟ್ಟಗೆ ಕೂತಳು. ಪಂದ್ಯ ಮುಗಿಯುವ ತನಕ ಇವಳು ಕೆಳಗೇ ಉಳಿದಳು. ನೀರಿನ ಬಾಟಲಿ ಹಿಡಿದು ಅಂಚಿನಲ್ಲಿ ನಿಂತಿದ್ದ ದಿಂಬಣ್ಣನಿಗೆ ಆಗ ಹೊಳೆಯಿತು: ತಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೈ ಊರಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದೇ ಒಂದು ಸಲ ಊರಿದ್ದರು, ಅಷ್ಟೇ. ಮಣಿಕಟ್ಟು ಮುರಿದಿತ್ತು. ಅಂದಿನಿಂದ ಕೈಯನ್ನು ಎದೆಗೆ ಮಡಚಿಕೊಂಡು ಹದವಾಗಿ ಉರುಳುವುದನ್ನು ರೂಢಿ ಮಾಡಿಕೊಂಡರು. ಕಲಿಯುವವರಿಗೂ ಹಿತ, ಇವರಿಗೂ ಹಿತ. ತೋಳು ಹಿಡಿಯದಿದ್ದರೂ ಬೀಳುವ ಮನುಷ್ಯನ ತೋಳನ್ನು ಯಾಕೆ ಹಿಡಿಯಬೇಕೆಂದು ಯಾರಿಗೂ ತಿಳಿಯಲೇ ಇಲ್ಲ. ತೋಳು ಹಿಡಿಯಿರಿ ಎಂದು ಕೋಚ್ ಹೇಳುತ್ತಲೇ ಇದ್ದರು, ಇವರ ಮೈ ಅದನ್ನು ಸುಳ್ಳು ಮಾಡುತ್ತಲೇ ಇತ್ತು.

"ನನ್ ಕಾಲಲ್ಲಿ ಶಕ್ತಿ ಇಲ್ಲ ಅಣ್ಣ ಅಂತ ಅತ್ಲು," ಅನ್ನುತ್ತಾರೆ. "ಅವಳ ಕಾಲಿಗೇನಾಗಿತ್ತು? ತಪ್ಪು ನನ್ ಕೈದು. ವಾಪಸ್ ಬರ್ತಾ ಬಸ್ಸಲ್ಲಿ ಪಕ್ಕದಲ್ಲೇ ಕೂತಿದ್ದೆ, ಹೇಳೋಕೆ ಬಾಯಿ ಬರ್ಲಿಲ್ಲ." ವಾರ ಕಳೆದು ಹೇಳಿದರು. ಅವಳು, "ಹಾಗಾದ್ರೆ ಇನ್ಮೇಲೆ ಊರಿ," ಅಂದಳು.

ಅಂದಿನಿಂದ ಅವಳ ಜೊತೆ ಕೂತಾಗ ಮಾತ್ರ ಊರುತ್ತಿದ್ದಾರೆ. ಊರಿದಾಗಲೆಲ್ಲ ಮುರಿದು ಕೂಡಿದ ಮಣಿಕಟ್ಟಿನಿಂದ ಭುಜದವರೆಗೆ ನೋವು ಹತ್ತುತ್ತದೆ. ಆರು ವಾರ ಕೈಗೆ ಕೆಲಸ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಮುಂದಿನ ಪಂದ್ಯಕ್ಕೆ ಉಳಿದಿರುವುದು ಒಂಬತ್ತೇ ದಿನ. ಈ ಸಲವೂ ಕೆಳಗೇ ಉಳಿದರೆ ಬಿಟ್ಟುಬಿಡುತ್ತೇನೆ ಎಂದು ಅವಳು ಹೇಳಿಯಾಗಿದೆ. ಈ ಹೊತ್ತಿಗೆ ಅವಳ ಜೊತೆ ಕೂರಲು ಬೇರೆ ಯಾರೂ ಬರುವುದಿಲ್ಲ.

"ಒಂದೊಂದ್ ದಿನ ಸಾಕಾಗಿಹೋಗುತ್ತೆ," ಎಂದು ಬಿಸಿನೀರಿನ ಚೀಲವನ್ನು ಭುಜಕ್ಕೆ ಒತ್ತಿಕೊಳ್ಳುತ್ತಾರೆ. "ಬಿದ್ದುಬಿಡೋಣ, ಖುಷಿಯಾಗಿ ಕೆಲಸಕ್ಕೆ ಹೋಗ್ಲಿ ಅನ್ಸುತ್ತೆ. ಬೀಳೋದು ನಂಗೆ ನೀರು ಕುಡಿದಷ್ಟು ಸುಲಭ. ಬೀಳದೆ ಕೂರೋದೇ ಕಷ್ಟ."

ಆರೂಮುಕ್ಕಾಲು. ಇದು ಇಪ್ಪತ್ತಮೂರನೆಯ ಸಲ. ಅವಳ ಮುಂಗೈಯಲ್ಲಿ ಇಸ್ತ್ರಿಪೆಟ್ಟಿಗೆಯ ಹಳೆಯ ಸುಟ್ಟ ಗುರುತು ಬೆವರಿಗೆ ಕೆಂಪಾಗಿದೆ. "ಕಾಲಿನ ಅವಸರ ಬೇಡಮ್ಮ," ಅನ್ನುತ್ತಾರೆ. "ಮೊದ್ಲು ಎಳಿ. ನನ್ ಮಂಡಿ ಹಗುರ ಆಗ್ಬೇಕು."

ಅವಳು ಅವರ ಎಡತೋಳಿನ ಬಟ್ಟೆಯನ್ನು ಮುಷ್ಟಿಯಲ್ಲಿ ಸುತ್ತಿಕೊಳ್ಳುತ್ತಾಳೆ. ಎಳೆಯುತ್ತಾಳೆ. ಅವಸರಿಸದೆ ಇನ್ನೂ ಸ್ವಲ್ಪ ಎಳೆಯುತ್ತಾಳೆ. ಅವರ ಮಂಡಿಗಳು ನೆಲ ಬಿಡುತ್ತವೆ, ಕಾಲುಗಳು ಆಡುತ್ತವೆ, ಸೂರು ಗಿರ್ರನೆ ತಿರುಗುತ್ತದೆ. ದಿಂಬಣ್ಣ ಅಂಗಾತ ಬಿದ್ದಿದ್ದಾರೆ, ಅವಳು ಅವರ ಮೇಲೆ ಕೂತಿದ್ದಾಳೆ.

ಅವಳ ಮುಖದಲ್ಲಿ ಸಂತೋಷಕ್ಕಿಂತ ಅನುಮಾನವೇ ಹೆಚ್ಚು. "ಅಣ್ಣ, ನಿಜ ಹೇಳಿ. ನೀವೇ ಬಿದ್ರಾ?"

ಅವರು ತಮ್ಮ ಎಡಗೈಯನ್ನು ನೋಡುತ್ತಾರೆ. ಬೆರಳುಗಳು ನೆಲ ಹುಡುಕುವಂತೆ ಇನ್ನೂ ಅಗಲಿಸಿಕೊಂಡೇ ಇವೆ. ತೋಳು ಮಾತ್ರ ಅವಳ ಮುಷ್ಟಿಯಲ್ಲಿದೆ.

"ಊರೋಕೆ ನೋಡ್ದೆ. ನೀನು ಬಿಡ್ಲಿಲ್ಲ."

ಅವಳು ಎದ್ದು ಕೈ ಚಾಚುತ್ತಾಳೆ. ಕೆಳಗೆ ಮೆಟ್ಟಿಲಲ್ಲಿ ಮೊದಲ ತರಗತಿಯವರ ಸದ್ದು ಕೇಳಿಸುತ್ತಿದೆ. ದಿಂಬಣ್ಣ ಆ ಕೈ ಹಿಡಿಯುವುದಿಲ್ಲ.

"ಒಂದ್ನಿಮಿಷ ಹೀಗೇ ಇರ್ತೀನಿ," ಅನ್ನುತ್ತಾರೆ. "ಇಷ್ಟು ವರ್ಷ ಎಲ್ಲಾ ನಾನೇ ಬಿದ್ದಿದ್ದು. ಇವತ್ತು ಒಬ್ರು ಬೀಳಿಸಿದಾರೆ."