ಕೂದಲಿಗೊಂದು ಸಾಕ್ಷಿ

ಕೂದಲಿಗೂ ದಾಖಲೆ ಕೇಳುತ್ತಾರೆ ಅಂತ ನನಗೆ ಗೊತ್ತಾದದ್ದು ಯೋಕೋಹಾಮಾದಲ್ಲಿ, ಮಗಳನ್ನು ಖಾಸಗಿ ಹೆಣ್ಣುಮಕ್ಕಳ ಶಾಲೆಗೆ ಸೇರಿಸಲು ಹೋದಾಗ.

"ಸುಮಿಮಾಸೆನ್, ಕ್ಷಮಿಸಿ, ಇಲ್ಲಿ ಕೂದಲು ಗುಂಗುರು ಮಾಡಿಸುವಂತಿಲ್ಲ. ಹುಟ್ಟಿನಿಂದಲೇ ಹೀಗಿದ್ದರೆ ಎಳೆಮಗುವಿನ ಫೋಟೋ ಕೊಡಿ" ಎಂದು ಶಿಕ್ಷಕಿ ತಾನಾಕಾ ಸಾನ್ ಮಗಳ ಗುಂಗುರು ಕೂದಲು ನೋಡಿ ತಲೆಬಾಗಿದರು.

ನಾನು ಕಕ್ಕಾಬಿಕ್ಕಿಯಾದೆ. ಪರ್ಸಿನಲ್ಲಿದ್ದದ್ದು ಒಂದೇ ಫೋಟೋ, ಮಗಳ ಮುಡಿ ಕೊಟ್ಟ ದಿನದ್ದು. ನುಣ್ಣನೆಯ ಬೋಳುತಲೆ ನೋಡಿ ಆಕೆಯೂ ಬೆಚ್ಚಿದರು.

"ಕಾಯಿಲೆಯಾಗಿತ್ತೇ?"

"ಅಲ್ಲ, ದೇವರ ಹರಕೆ."

ಅಷ್ಟರಲ್ಲಿ ಮಗಳು ಗೋಡೆಯ ಮೇಲಿನ ಶಾಲೆಯ ಇತಿಹಾಸ ಓದುತ್ತಿದ್ದಳು. ವೇಲ್ಸ್‌ನಿಂದ ಬಂದು ಶಾಲೆ ಕಟ್ಟಿದ ಟೀಚರಮ್ಮನ ಚಿತ್ರ ಅಲ್ಲಿತ್ತು. ಭುಜದ ತುಂಬ ಕೆಂಪು ಗುಂಗುರು ಕೂದಲು.

"ಇವರೂ ಫೋಟೋ ಕೊಟ್ಟಿದ್ರಾ?" ಅಂತ ಜಪಾನೀಸಿನಲ್ಲೇ ಕೇಳಿಬಿಟ್ಟಳು.

ತಾನಾಕಾ ಸಾನ್ ತಲೆಯೆತ್ತಿ ಆ ಚಿತ್ರ ನೋಡಿದರು. ಆ ಬೋಳುತಲೆಯನ್ನೇ ಫಾರಂಗೆ ಅಂಟಿಸಿ, ಪಕ್ಕದಲ್ಲಿ 'ಹುಟ್ಟಿನಿಂದಲೇ ಗುಂಗುರು' ಎಂದು ಬರೆದು ಮೊಹರು ಒತ್ತಿದರು.